ಹದಿನಾಲ್ಕು ದಿನದ ನೋಟಿಸ್

ಆ ಮನುಷ್ಯ ನೋಡುತ್ತಿದ್ದದ್ದು ನನ್ನನ್ನೋ, ನನ್ನ ಕೈಯಲ್ಲಿದ್ದ ಹಳೇ ದಫ್ತರವನ್ನೋ ಎಂಬುದು ಇಡೀ ಜೂನ್ ತಿಂಗಳು ನನಗೆ ಬಗೆಹರಿಯಲಿಲ್ಲ.

ಹೆಸರು ಎವರೆಟ್ ವಿಂಚ್. ಓಹಾಯೋದಲ್ಲಿ ಶಾಲಾ ಮೇಷ್ಟ್ರು. ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಹಡಗಿಳಿದು ಬಂದ ಜಬೆಜ್ ವಿಂಚ್ ಎಂಬ ತಮ್ಮ ಮೂಲಪುರುಷ ಎಲ್ಲಿ ಮಣ್ಣಾದ ಎಂದು ಹುಡುಕಿಕೊಂಡು, ಬೇಸಿಗೆ ರಜೆಯಲ್ಲಿ ಮ್ಯಾಸಚೂಸೆಟ್ಸಿನ ನಮ್ಮ ಪುಟ್ಟ ಊರಿಗೆ ಬಂದಿದ್ದರು. ಟೌನ್ ಹಾಲಿನ ಹಳೇ ಕಾಗದಗಳನ್ನು ಕಾಯುವವಳು ನಾನು, ಟ್ಯಾಬಿತಾ ಸ್ಪೂನರ್. ದಿನಾ ಹತ್ತಕ್ಕೆ ಬರುತ್ತಿದ್ದರು, ದಿನಾ ಪೆನ್ಸಿಲ್ ಮರೆತಿರುತ್ತಿದ್ದರು, ದಿನಾ ನನ್ನದನ್ನೇ ಕೇಳುತ್ತಿದ್ದರು. ಮೇಷ್ಟ್ರಿಗೆ ಪೆನ್ಸಿಲ್ಲಿಗೆ ಬರವೇ?

ಒಂದು ಗುರುವಾರ ನೋಡುತ್ತೇನೆ, ಅವರ ಮುಖ ಸಪ್ಪಗಾಗಿದೆ.

"ಸಿಕ್ಕಿದ," ಎಂದು ಕಾಗದವನ್ನು ನನ್ನತ್ತ ತಿರುಗಿಸಿದರು. "ಹೆಂಡ್ತಿ ಮಕ್ಕಳ ಸಮೇತ ಹದಿನಾಲ್ಕು ದಿನದಲ್ಲಿ ಊರು ಬಿಡ್ಬೇಕಂತೆ. ಜಾರಿ ಮಾಡಿದ ಕಾನ್‌ಸ್ಟೇಬಲ್ ಹೆಸರು ಓದಿ."

ಸ್ಪೂನರ್. ನಮ್ಮ ವಂಶದವನೇ.

"ನಿಮ್ಮೋರು ನಮ್ಮೋರನ್ನ ಓಡ್ಸಿಬಿಟ್ರಲ್ಲ," ಎಂದು ನಗಲು ನೋಡಿದರು, ಆಗಲಿಲ್ಲ. "ಹಾಗಾದ್ರೆ ಪಕ್ಕದ ಕನೆಕ್ಟಿಕಟ್ ರಾಜ್ಯದ ಕಡೆ ಹೋಗಿರ್ತಾನೆ. ನಾನೂ ಅಲ್ಲೇ ಹುಡುಕ್ಬೇಕು. ನಾಳೇನೇ ಹೊರಡ್ಲಾ, ಟ್ಯಾಬಿತಾ?"

ನನ್ನನ್ನು ಕೇಳಿದ್ದು ಅನುಮತಿಗೋ, ನಾನು ಬೇಡ ಎನ್ನಲೆಂದೋ? ಆ ನೋಟಿಸಿನ ಮರ್ಮ ನನಗೆ ಗೊತ್ತಿತ್ತು. ಹೇಳಿದರೆ ಚರ್ಚಿನ ಹಿಂದಿನ ಹಳೇ ಸ್ಮಶಾನದಲ್ಲಿ ಜಬೆಜ್ ಸಿಕ್ಕಿಬಿಡಬಹುದು, ಕೆಲಸ ಮುಗಿಯಿತೆಂದು ಇವರು ಓಹಾಯೋಗೆ ಹೊರಡುತ್ತಾರೆ. ಹೇಳದಿದ್ದರೆ ಕನೆಕ್ಟಿಕಟ್ಟಿಗೆ. ಅತ್ತ ದರಿ, ಇತ್ತ ಪುಲಿ. ಬಾಯಿಗೆ ಬಂದದ್ದು ಮಾತ್ರ ಬೇರೆಯೇ.

"ಹೊರಡಿ. ಅಲ್ಲಿ ದಫ್ತರ ಚೆನ್ನಾಗಿ ಇಟ್ಟಿದಾರೆ. ಫ್ಯಾನೂ ಇದೆ."

ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೋದರು.

ಟೌನ್ ಕ್ಲರ್ಕ್ ಡಾರ್ಕಸ್ ಪಕ್ಕದ ಮೇಜಿನಲ್ಲಿ ಬ್ಲೂಬೆರಿ ಪೈ ತಿನ್ನುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನಿನಗೆ ಬುದ್ಧಿ ಇದ್ಯೇನೆ? ಆ ಕಾಗದ ಎಂಥದ್ದು ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೂ ಹೋಗ್ತಾರೆ, ಡಾರ್ಕಸ್."

"ಹೋಗೋನು ನಿಜ ತಿಳ್ಕೊಂಡೇ ಹೋಗ್ಲಿ. ಅಂದ ಹಾಗೆ, ಅವನ ಕಾರಲ್ಲಿ ಒಂದು ಡಬ್ಬಿ ತುಂಬ ಪೆನ್ಸಿಲ್ ಇದೆ. ಕಣ್ಣಾರೆ ನೋಡಿದೀನಿ."

ಡಬ್ಬಿ ತುಂಬ ಇದ್ದೂ ನನ್ನದೇ ಯಾಕೆ? ಅದು ನಾನೆಂದುಕೊಂಡದ್ದೇ ಆಗಿದ್ದರೆ, ನಿನ್ನನ್ನು ಬಿಟ್ಟು ಹೋಗಲಾರೆ ಎಂದು ಒಂದು ಮಾತು ಹೇಳಬಾರದಿತ್ತೇ? ನನ್ನ ತಲೆ ಕೆಟ್ಟು ಹೋಯಿತು.

ಮಾರನೆಯ ಬೆಳಿಗ್ಗೆ ಅವರ ಕಾರಿಗೆ ಅಡ್ಡ ನಿಂತು, ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಅರ್ಧ ಗಂಟೆ ಹುಲ್ಲು ಸರಿಸಿದ ಮೇಲೆ, ಅರ್ಧ ಹೂತುಹೋದ ಕಲ್ಲೊಂದರಲ್ಲಿ ಹೆಸರು ಸಿಕ್ಕಿತು. ಜಬೆಜ್ ವಿಂಚ್. ನೋಟಿಸ್ ಸಿಕ್ಕಿ ಮೂವತ್ತೊಂದು ವರ್ಷಕ್ಕೆ ಸತ್ತಿದ್ದ.

"ಹೊಸಬರಿಗೆ ಆ ನೋಟಿಸ್ ಕೊಡ್ತಿದ್ರು," ಎಂದೆ. "ನಾಳೆ ಬಡವರಾದ್ರೆ ಊರು ಸಾಕ್ಬೇಕಾಗುತ್ತಲ್ಲ, ಅದಕ್ಕೆ ಮೊದಲೇ ಕೈ ತೊಳ್ಕೊಳ್ಳೋದು. ಎಷ್ಟೋ ಜನ ಹೋಗ್ತಾನೇ ಇರ್ಲಿಲ್ಲ, ಯಾರೂ ಓಡಿಸ್ತಾನೂ ಇರ್ಲಿಲ್ಲ. ನಿನ್ನೆನೇ ಗೊತ್ತಿತ್ತು ನಂಗೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೂ ಹೋಗ್ತಿದ್ರಿ, ಹೇಳ್ದಿದ್ರೂ ಹೋಗ್ತಿದ್ರಿ. ನಂಗೆ ನೀವು ಹೋಗೋದು ಬೇಡ. ನೀವಂದ್ರೆ ಇಷ್ಟ."

ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಕಿವಿ ಕೆಂಪಾಗಿತ್ತು.

"ಹಾಗಾದ್ರೆ ನಿನ್ನೆ ನಂಗೆ ಹೊರಡಿ ಅಂದಿದ್ದು?"

"ಅದೂ ಸ್ಪೂನರ್ ಮನೆತನದ ನೋಟಿಸ್ಸೇ."

ಅವರು ಜಬೆಜನ ಪಕ್ಕ ಹುಲ್ಲಿನ ಮೇಲೆ ಕಾಲು ಚಾಚಿ ಕೂತರು. ಆಮೇಲೆ ನನ್ನತ್ತ ಕೈ ಚಾಚಿದರು.

"ಪೆನ್ಸಿಲ್ ಕೊಡಿ."

"ಕಾರಲ್ಲಿ ಡಬ್ಬಿ ತುಂಬ ಇದ್ಯಂತಲ್ಲ?"

"ಇದೆ. ಕೊಡಿ, ನಿಮ್ಮೂರ ಶಾಲೆ ವಿಳಾಸ ಬರ್ಕೋಬೇಕು."