ಮರಳಿಗೆ ಕೊಟ್ಟ ಹೆಸರು

"ಮರಳಿಗೆ ಇಳೀರಿ, ಬೇಡ ಅನ್ನಲ್ಲ. ಆದ್ರೆ ಅಲ್ಲಿ ನಿಂತು ಯಾರ ಹೆಸರನ್ನೂ ಎತ್ತಬೇಡಿ, ಯಜಮಾನ್ರೇ," ಎಂದಳು ಹಳೆಯ ಗೂಳಿಕಾಳಗದ ಕಣದ ಬಾಗಿಲು ಕಾಯುವ ಮುದುಕಿ ಆಂಗುಸ್ತಿಯಾಸ್, ಟಿಕೀಟಿನ ತುದಿ ಹರಿಯುತ್ತ.

ಎವರಿಸ್ತೊ ನಕ್ಕ. ಉತ್ತರದ ಮಳೆಸೀಮೆಯಿಂದ ಬಂದವನು ಅವನು. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನು. ವಿಳಾಸವಿಲ್ಲದ ದೇವರನ್ನಾಗಲಿ ದೆವ್ವವನ್ನಾಗಲಿ ನಂಬಿದವನಲ್ಲ.

"ಎತ್ತಿದ್ರೆ? ಗೂಳಿ ಬಂದು ಟಿಕೀಟು ಕೇಳುತ್ತೋ?"

ಮುದುಕಿ ನಗಲಿಲ್ಲ. ತಗ್ಗಿದ ದನಿಯಲ್ಲಿ ತನ್ನ ಅಜ್ಜಿಯ ಕಾಲದ ಮಾತು ಹೇಳಿದಳು. ಕೊಲ್ಲುವ ಮುನ್ನ ಕಾಳಗಗಾರ ಟೋಪಿ ತೆಗೆದು, ಆ ಗೂಳಿಯ ಸಾವನ್ನು ತನಗೆ ಬೇಕಾದವರಿಗೆ ಅರ್ಪಿಸುವುದುಂಟು. ಒಬ್ಬ ತರುಣ ತಾನೊಲಿದವಳಿಗೆ ಹಾಗೆ ಅರ್ಪಿಸಿದ. ಅವಳು ಮೇಲಿನ ಸಾಲಿನಲ್ಲಿ ಕೂತು ಅಣಕಿಸಿ ನಕ್ಕಳು. ಅವನ ಕಣ್ಣು ಅತ್ತ ಹೊರಳಿದ್ದೇ ತಡ, ಕೊಂಬು ತೊಡೆಗಿಳಿಯಿತು. ಅವನ ತಾಯಿ ಮಗನ ಹೆಣದ ತಲೆಯಿಂದ, ಕಾಳಗಗಾರರೆಲ್ಲ ಬಿಡುವ ಆ ಪುಟ್ಟ ಜಡೆ ಕೊಯ್ದು, ಅದೇ ಗೂಳಿಯ ಕತ್ತರಿಸಿದ ಕಿವಿಗೆ ಬಿಗಿದು ಕಣದ ನಟ್ಟನಡುವೆ ಹೂತಳು. ಏಳು ಶುಕ್ರವಾರ ಅದರ ಮೇಲೆ ಉಪ್ಪು ಸುರಿದು ಮಾಟ ಕಟ್ಟಿದಳು. ಏಳನೆಯ ಶುಕ್ರವಾರ ನಕ್ಕವಳು ಹಾಸಿಗೆಯಲ್ಲೇ ತಣ್ಣಗಾಗಿದ್ದಳು.

"ಅರ್ಪಿಸೋದು ಸಾವನ್ನ. ಗೂಳಿಯೇ ಇಲ್ದಾಗ ಅರ್ಪಿಸಿದ್ರೆ, ಅದು ಯಾರ ಸಾವು?"

"ನನ್ನೋಳು ಸತ್ತು ವರ್ಷವಾಯ್ತು, ತಾಯಿ. ಸತ್ತವರಲ್ಲಿ ಇನ್ನೇನು ಸಾಯೋಕೆ ಉಳಿದಿರುತ್ತೆ?"

"ಅದು ನಿಮಗೇ ಗೊತ್ತು," ಎಂದಳು ಅವಳು.

ಉಳಿದಿತ್ತು. ಅವನ ಹೆಂಡತಿ ಕಸಿಲ್ಡಾ ಸತ್ತರೂ ಮಾತು ಬಿಟ್ಟಿರಲಿಲ್ಲ. ಒಂಟಿ ಮಂಚದಲ್ಲಿ, ಒಂಟಿ ತಟ್ಟೆಯ ಮುಂದೆ, ಅವನ ಎದೆಯೊಳಗಿಂದ ಗೊಣಗುತ್ತಲೇ ಇದ್ದಳು. ಉಪ್ಪು ಜಾಸ್ತಿಯಾಯಿತು ಎನ್ನುವಳು, ಕಿಟಕಿ ತೆರೆ ಎನ್ನುವಳು. ಈ ಹಳೆಯ ಕಣ ನೋಡಬೇಕೆಂಬುದೂ ಅವಳದೇ ಆಸೆ. ಬೆಳಗ್ಗೆ ಅವನನ್ನು ಎಬ್ಬಿಸುತ್ತಿದ್ದುದು ಆ ಗೊಣಗಾಟವೊಂದೇ.

ಊಟದ ಮೇಲಿನ ನಿದ್ದೆಯ ಹೊತ್ತು. ಊರಿಗೆ ಊರೇ ಕದವಿಕ್ಕಿಕೊಂಡಿತ್ತು. ಎರಡಂತಸ್ತಿನ ಕಲ್ಲುಕಮಾನುಗಳ ನಡುವೆ ಕಣವು ಹಳದಿ ತಟ್ಟೆಯಂತೆ ಕಾದು ಬಿದ್ದಿತ್ತು, ಅರ್ಧ ಬಿಸಿಲು, ಅರ್ಧ ನೆರಳು. ಸುಣ್ಣದ ವಾಸನೆ. ಒಂದು ಪಾರಿವಾಳವೂ ಇಲ್ಲ. ಸಾವಿರಾರು ಖಾಲಿ ಆಸನಗಳು ಅವನೊಬ್ಬನನ್ನೇ ನೋಡುತ್ತಿದ್ದವು.

ಟೋಪಿ ತೆಗೀಬೇಡ, ನೆತ್ತಿ ಸುಡುತ್ತೆ, ಎಂದಳು ಕಸಿಲ್ಡಾ ಎದೆಯೊಳಗೆ.

ಅವಳನ್ನು ನಗಿಸಬೇಕೆನಿಸಿತು ಅವನಿಗೆ. ನಡುಗಣಕ್ಕೆ ಹೋಗಿ ಸೊಂಟ ಸೆಟೆದು ನಿಂತ. ಟೋಪಿ ಎತ್ತಿ ಹಿಡಿದ.

"ಕಸಿಲ್ಡಾ ಫ್ರೇರೆ, ಈ ಸಾವು ನಿನಗೆ!"

ಟೋಪಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಅದು ಬಾಯಿ ಮೇಲಾಗಿ ಬಿತ್ತು, ಏನನ್ನೋ ತುಂಬಿಸಿಕೊಳ್ಳಲು ಇಟ್ಟ ಬಟ್ಟಲಿನಂತೆ.

"ಏನು ಮಾಡಿಬಿಟ್ಯೋ," ಎಂದಳು ಕಸಿಲ್ಡಾ.

ದನಿ ಎದೆಯೊಳಗಿಂದ ಬಂದಿರಲಿಲ್ಲ. ಬೆನ್ನ ಹಿಂದಿನಿಂದ ಬಂದಿತ್ತು. ಮರಳಿನ ಮೇಲಿಂದ.

ತಿರುಗಿದ. ಯಾರೂ ಇಲ್ಲ. ಟೋಪಿಯ ಪಕ್ಕ ಎರಡು ಬರಿಗಾಲಿನ ಗುರುತು, ಪುಟ್ಟವು, ಆಗಷ್ಟೇ ಒತ್ತಿದಂಥವು. ಎಡಗಾಲ ಕಿರುಬೆರಳು ಹೊರಕ್ಕೆ ಬಾಗಿತ್ತು. ಆ ಬೆರಳನ್ನು ಅವನು ಬಲ್ಲ.

ಆಚೆ, ಗೂಳಿದೊಡ್ಡಿಯ ಅಗುಳಿ ತಾನಾಗಿ ಸರಿಯಿತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದು. ಕದ ತೆರೆಯಿತು. ಒಳಗಿನ ಕತ್ತಲು ಬಿಸಿಲಿಗೇ ಹರಿದುಬಂತು. ಒದ್ದೆ ಚರ್ಮದ ನಾತ, ಸಗಣಿಯ ನಾತ, ಹಳೆಯ ರಕ್ತದ ಕಿಲುಬು. ಮೈ ಕಾಣಲಿಲ್ಲ. ಉಸಿರು ಕೇಳಿತು. ಮರಳಿನಲ್ಲಿ ಸೀಳುಗೊರಸಿನ ಗುರುತು ಮೂಡಿತು. ಒಂದು. ಎರಡು. ನಾಲ್ಕು.

ಎವರಿಸ್ತೊ ಓಡಿದ. ಗೋಡೆಗೆ ತುಸು ಮುಂದಾಗಿ ನಿಲ್ಲಿಸಿದ ಮರದ ಮರೆ. ಗೂಳಿಯನ್ನು ಅಣಕಿಸಿ ತಪ್ಪಿಸಿಕೊಳ್ಳುವ ತಾಣವಾದ್ದರಿಂದ ಅದಕ್ಕೆ ಅಣಕದ ಹಲಗೆಯೆಂದೇ ಹೆಸರು. ಅದರ ಹಿಂದೆ ನುಸುಳಿದ. ಗುರುತುಗಳು ಅವನತ್ತ ತಿರುಗಲೇ ಇಲ್ಲ. ನಡುಗಣದತ್ತ ಹೊರಳಿದವು.

ಪುಟ್ಟ ಹೆಜ್ಜೆಗಳು ಹಲಗೆಯತ್ತ ಓಡಿಬಂದವು. ಮರಳು ಸಿಡಿಯಿತು.

"ಕೈ ಕೊಡು. ಎವರಿಸ್ತೊ, ಕೈ ಕೊಡು."

ಅವನು ಕೈ ಚಾಚಿದ. ತಣ್ಣನೆಯ ಬೆರಳ ತುದಿ ಅಂಗೈಗೆ ತಾಗಿತು. ಹಿಂದೆಯೇ ಬಿಸಿ ಉಸಿರು. ಮಣಿಕಟ್ಟಿನ ಮೇಲೆ ಜೊಲ್ಲು. ಒಂದು ಚಣ. ಒಂದೇ ಚಣ.

ಕೈ ಹಿಂದಕ್ಕೆ ಎಳೆದುಕೊಂಡ.

ಹಲಗೆ ನಡುಗಿತು. ಮೂಟೆ ಬಿದ್ದಂಥ ಸದ್ದು. ಆಮೇಲೆ ಏನೂ ಇಲ್ಲ. ಮರಳು ನಯವಾಗಿ, ಹೆಜ್ಜೆಯೇ ಬೀಳದಂತೆ ಹರಡಿತ್ತು.

ಬಾಗಿಲ ಬಳಿ ಆಂಗುಸ್ತಿಯಾಸ್ ಅವನನ್ನು ಕೂರಿಸಿ ಮಣ್ಣಿನ ಹೂಜಿಯಿಂದ ನೀರು ಕುಡಿಸಿದಳು. ಏನಾಯಿತೆಂದು ಕೇಳಲಿಲ್ಲ. ಒಂದೇ ಮಾತು ಕೇಳಿದಳು.

"ಕೈ ಕೇಳಿರ್ತಾರೆ. ಇಲ್ಲಿ ಹೆಸರು ಎತ್ತಿಸಿಕೊಂಡೋರೆಲ್ಲ ಕೇಳ್ತಾರೆ. ಕೊಟ್ರಾ?"

ಅವನು ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡ. ಅವಳ ಹೆಸರು ನೆನಪಿತ್ತು, ಮುಖ ನೆನಪಿತ್ತು, ಮಣ್ಣು ಮಾಡಿದ ದಿನದ ಜಿಟಿಜಿಟಿ ಮಳೆಯೂ ನೆನಪಿತ್ತು. ಕಣ್ಣು ಮುಚ್ಚಿ ಎದೆಗೆ ಕಿವಿಗೊಟ್ಟ. ಆ ಗೊಣಗಾಟ ಅಲ್ಲಿರಲಿಲ್ಲ. ಹೇಡಿ ಎಂದು ಅವಳು ಬೈಯಲೆಂದು ಕಾದ. ಬೈದರೆ ಸಾಕಿತ್ತು.

ಸಂಜೆಯಾಗಿ ಊರಿನ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಅವನು ಕಾಯುತ್ತಲೇ ಇದ್ದ.