ದೊಡ್ಡಮ್ಮನ ಬಾಯಲ್ಲಿದ್ದ ಗಾಳ

ದೊಡ್ಡಮ್ಮ ಸತ್ತು ಬಿದ್ದಿದ್ದಳು.

ಕೆಂಗೇರಿಯ ಆಚೆ, ಸಂಪಿಗೆಕಟ್ಟೆ ಕೆರೆಯ ಕಲ್ಲು ಮೆಟ್ಟಿಲಿನ ಮೇಲೆ. ಮೀನು ಎನ್ನಲು ಬಾಯಿ ಬಾರದಷ್ಟು ದೊಡ್ಡ ಕಾಟ್ಲಾ. ಗಾಳ ಹಾಕುವವರೆಲ್ಲ ಒಮ್ಮೆಯಾದರೂ ಅವಳನ್ನು ಹಿಡಿದಿದ್ದರು. ಹಿಡಿದವರೆಲ್ಲ ಮತ್ತೆ ನೀರಿಗೆ ಬಿಟ್ಟಿದ್ದರು. ಈಗ ಅವಳ ತುಟಿಯಲ್ಲಿ ಗಾಳ. ಗಾಳಕ್ಕೆ ನೈಲಾನ್ ದಾರ. ದಾರಕ್ಕೆ ಹಳೇ ಹವಾಯಿ ಚಪ್ಪಲಿಯಿಂದ ಕೊಯ್ದ ನೀಲಿ ಬೆಂಡು.

ಆ ಬೆಂಡು ಯಾರದೆಂದು ಕೆರೆಯಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು.

"ಇನ್ನೇನು ಬೇಕು ಮೇಡಂ?" ಎಂದರು ಮುರಳೀಕೃಷ್ಣ. ಗಾಳಗಾರರ ಕ್ಲಬ್ಬಿನ ಕಾರ್ಯದರ್ಶಿ. ಇಸ್ತ್ರಿ ಮಾಡಿದ ಟೀ ಶರ್ಟು, ಕೈಯಲ್ಲಿ ಅರ್ಜಿ. "ಎಲ್ಲಾ ಸದಸ್ಯರಿಗೂ ಫೋನ್ ಮಾಡಿದೀನಿ. ಮೊದಲು ಬಂದವರು ನೀವು. ಇಲ್ಲಿ ಒಂದು ಸೈನ್ ಹಾಕಿ."

ಅಂಬುಜಾ ಅರ್ಜಿ ತೆಗೆದುಕೊಂಡು ಓದಿದರು. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ, ಗಾಳ ನಿಷೇಧವಿರುವಾಗ, ಪರವಾನಗಿಯಿಲ್ಲದ ಕೆಂಪಯ್ಯ ಕೆರೆಯ ತಾಯಿಮೀನನ್ನು ಕೊಂದಿದ್ದಾರೆ. ಅವರ ಮೇಲೆ ಕೇಸು ಹಾಕಬೇಕು. ಹಳ್ಳಿಯ ಕಡೆಯಿಂದ ಕೆರೆಗಿಳಿಯುವ ದಾರಿಗೆ ಗೋಡೆ ಕಟ್ಟಬೇಕು. ಇನ್ನು ಮುಂದೆ ಕ್ಲಬ್ಬಿನ ಸದಸ್ಯರಿಗಷ್ಟೇ ಪರವಾನಗಿ.

ಕೊನೆಯ ಎರಡು ಸಾಲನ್ನು ಅವರು ಎರಡು ಸಲ ಓದಿದರು.

"ಸೈನ್ ಹಾಕಲ್ಲ," ಎಂದರು.

"ಯಾಕೆ?"

"ಇನ್ನೂ ನೋಡಿಲ್ಲ."

ಬಸವೇಶ್ವರನಗರದ ಅಂಬುಜಾ ನಿವೃತ್ತರಾಗುವವರೆಗೆ ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆ ಮಾಡಿದವರು. ವಿಮೆಯ ದುಡ್ಡಿಗೆ ಮಾಲೀಕರೇ ಗೋಡೆಗೆ ಗುದ್ದಿಸಿದ ಕಾರು, ಮಾಲೀಕರೇ ಬೆಂಕಿಯಿಟ್ಟ ಗೋದಾಮು ಅವರು ಸಾಕಷ್ಟು ಕಂಡಿದ್ದರು. ತೀರಾ ಅಚ್ಚುಕಟ್ಟಾಗಿ ಸಿಕ್ಕ ಸಾಕ್ಷಿಯೆಂದರೆ ಅವರಿಗೆ ಅಲರ್ಜಿ. ಆ ಬೆಂಡು ಹಾಗಿತ್ತು.

ಅವರು ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಎರಡು ಬೆರಳಿನಿಂದ ಗಾಳ ಹಿಡಿದು ಮೆಲ್ಲಗೆ ಎಳೆದರು. ಅದು ಬೆಣ್ಣೆಯಿಂದ ಸೂಜಿ ಎಳೆದಷ್ಟು ಸಲೀಸಾಗಿ ಈಚೆ ಬಂತು. ಗಾಳವನ್ನು ಬೆಳಕಿಗೆ ಹಿಡಿದರು. ಹೇಗಿತ್ತೋ ಹಾಗೇ ಮತ್ತೆ ಚುಚ್ಚಿ ಎದ್ದರು.

"ಏನು ಕಂಡಿರಿ?" ಮುರಳೀಕೃಷ್ಣ ಕೇಳಿದರು.

"ಮೀನು," ಎಂದರು ಅಂಬುಜಾ.

ಮುರಳೀಕೃಷ್ಣರ ಮುಖ ಬಿಗಿಯಿತು. ಕ್ಲಬ್ಬಿನ ಮಾತಿಗೆ ಒಪ್ಪದ ಸದಸ್ಯರ ಪರವಾನಗಿ ಮುಂದಿನ ವರ್ಷ ನವೀಕರಣವಾಗುವುದು ಕಷ್ಟ ಎಂದು ತಣ್ಣಗೆ ನೆನಪಿಸಿದರು. ನವೀಕರಣಕ್ಕೆ ಕ್ಲಬ್ಬಿನ ಶಿಫಾರಸು ಬೇಕೆಂಬ ನಿಯಮ ತಂದದ್ದೂ ಅವರೇ.

"ರದ್ದು ಮಾಡಿಸಿ. ಸುಳ್ಳಿಗೆ ಸೈನ್ ಹಾಕಿ ಗಾಳ ಹಾಕೋ ಚಪಲ ನನಗಿಲ್ಲ."

ಮಧ್ಯಾಹ್ನಕ್ಕೆ ಮೀನುಗಾರಿಕೆ ಅಧಿಕಾರಿ ಮೋಹನ್ ಕುಮಾರ್ ಬರುವವರಿದ್ದರು. ಅಷ್ಟರೊಳಗೆ ನಿಜ ಗೊತ್ತಾಗಬೇಕು. ಅಂಬುಜಾ ಕೆರೆಯ ದಂಡೆ ಹಿಡಿದು ಹಳ್ಳಿಯ ಕಡೆಗೆ ನಡೆದರು.

ಕೆಂಪಯ್ಯ ಹಿತ್ತಿಲಲ್ಲೇ ಇದ್ದರು. ಅವರ ಹಿತ್ತಿಲ ಬಾಗಿಲು ತೆರೆದರೆ ಕೆರೆ. ಎಪ್ಪತ್ತು ದಾಟಿದ ಜೀವ, ಬಡವರೇನಲ್ಲ. ಹೊಲವೆಲ್ಲ ಬಡಾವಣೆಯಾಗಿ, ಮಗ ಅಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದ. ಪರವಾನಗಿಯ ಶುಲ್ಕ ಅವರಿಗೆ ಎಲೆ ಅಡಿಕೆಯ ಖರ್ಚು. ಆದರೂ ಹೋದ ವರ್ಷ ಶುಲ್ಕವನ್ನು ನಾಲ್ಕು ಪಟ್ಟು ಏರಿಸಿ, ಹಳ್ಳಿಯವರಿಗಿದ್ದ ರಿಯಾಯಿತಿ ತೆಗೆದ ದಿನ, ತಮ್ಮ ಹಳೇ ಪರವಾನಗಿಯನ್ನು ಎಲ್ಲರೆದುರು ಗೇಟಿನ ಫಲಕಕ್ಕೆ ಸಿಕ್ಕಿಸಿ ಬಂದಿದ್ದರು. ಅಂದಿನಿಂದ ಚೀಟಿಯಿಲ್ಲದೆಯೇ, ಎಲ್ಲರಿಗೂ ಕಾಣುವ ಜಾಗದಲ್ಲೇ ಕೂತು ಗಾಳ ಹಾಕುತ್ತಿದ್ದರು.

"ಬನ್ನಿ ಅಮ್ಮ. ನೀವೂ ಕೇಳೋಕ್ಕೇ ಬಂದ್ರಾ?"

"ಹೌದು. ನಿಷೇಧದ ಕಾಲದಲ್ಲಿ ಗಾಳ ಹಾಕಿದ್ರಾ?"

"ಹಾಕ್ದೆ. ದಿನಾ ಹಾಕ್ತೀನಿ. ಸುಳ್ಯಾಕೆ?"

"ಚೀಟಿ ಇಲ್ಲ?"

"ಇಲ್ಲ. ತಗೊಳಲ್ಲ. ಕೆರೆ ನೋಡ್ಕೊಳಕ್ಕೆ ಅಂತ ಕಾಸು ಏರಿಸಿದ್ರು. ಏನು ನೋಡ್ಕೊಂಡ್ರು? ಮೋರಿ ನೀರು ಇನ್ನೂ ಬತ್ತಾನೇ ಅದೆ."

"ದೊಡ್ಡಮ್ಮನ್ನ ಹಿಡಿದ್ರಾ?"

ಮುದುಕರ ಕಣ್ಣು ಕೆರೆಯ ಮೇಲಿತ್ತು.

"ಮೂರು ಸಲ ಹಿಡಿದಿವ್ನಿ. ಮೂರು ಸಲಾನೂ ಬಿಟ್ಟಿವ್ನಿ. ಕೊಲ್ಲೋನಾಗಿದ್ರೆ ಮೊದಲ್ನೇ ಸಲಾನೇ ಸಾರಾಗ್ತಿತ್ತು."

ಬೆಂಡಿನ ಬಗ್ಗೆ ಅಂಬುಜಾ ಕೇಳಿದರು. ಅದು ತಮ್ಮದೇ ಎಂದು ಕೆಂಪಯ್ಯ ಒಪ್ಪಿಕೊಂಡರು. ವಾರದ ನಡುವೆ ಗಾಳ ನೀರೊಳಗಿನ ಕಲ್ಲುಸಂದಿಗೆ ಸಿಕ್ಕಿಕೊಂಡಿತ್ತು. ಎಳೆದಾಗ ದಾರ ಮೇಲ್ಗಡೆ ತುಂಡಾಗಿ ಬೆಂಡು ಅಲ್ಲೇ ತೇಲುತ್ತ ಉಳಿಯಿತು. ಈಜಿ ತರುವ ವಯಸ್ಸಲ್ಲ, ಬಿಟ್ಟರು.

"ನಿಮ್ಮ ಗಾಳಗಳನ್ನ ನೋಡಬಹುದಾ?"

ಅವರು ತಗಡಿನ ಡಬ್ಬಿ ತಂದು ತೆರೆದರು. ಪ್ರತಿ ಗಾಳದ ಮೊನೆಯ ಹಿಂದೆಯೂ ಹಿಮ್ಮುಖವಾಗಿ ಎದ್ದ ಸಣ್ಣ ಮುಳ್ಳು. ಒಮ್ಮೆ ಹೊಕ್ಕರೆ ಗಾಳ ಜಾರದಂತೆ ಹಿಡಿಯುವ ಮುಳ್ಳು. ಪರವಾನಗಿ ಪಡೆದವರು ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಲೇಬೇಕೆಂಬುದು ನಿಯಮ. ಬಿಟ್ಟ ಮೀನಿನ ಬಾಯಿ ಹರಿಯಬಾರದೆಂದು.

"ನೀವು ಮುಳ್ಳು ಒತ್ತೋದಿಲ್ವಾ?"

"ಅದು ನಿಮ್ಮ ಚೀಟಿಯೋರ ಕೆಲ್ಸ. ನಂಗೆ ಬಿಡಿಸೋ ಕೈಚಳಕ ಅದೆ."

ಅಂಬುಜಾ ಡಬ್ಬಿಯನ್ನು ಕೇಳಿ ತೆಗೆದುಕೊಂಡರು.

ವಾಪಸ್ ಬರುವಾಗ ಹದ್ದುಗಳು ಕಂಡವು. ಮೆಟ್ಟಿಲ ಮೇಲೆ ಅಷ್ಟು ದೊಡ್ಡ ಮೀನು ಬಿದ್ದಿದ್ದರೂ ಅವು ಅಲ್ಲಿ ಸುಳಿದಿರಲಿಲ್ಲ. ಪಂಪ್‌ಹೌಸಿನ ಹಿಂದಿನ ಜೊಂಡಿನ ಮೇಲೆ ಸುತ್ತುತ್ತಿದ್ದವು. ಯಾಕೆ?

ಅಲ್ಲಿ ಕಾವಲುಗಾರ ಗಿರಿರಾಜ್ ಒಬ್ಬನೇ ನಿಂತಿದ್ದ. ಅಂಬುಜಾ ಬಂದದ್ದು ನೋಡಿ ಗಾಬರಿಯಾದ.

"ಬೆಳಿಗ್ಗೆ ಮೊದಲು ಮೀನು ನೋಡಿದ್ದು ನೀನಾ?"

"ಇಲ್ಲ ಮೇಡಂ. ನಾನು ನಿನ್ನೆ ಕಾಮಾಕ್ಷಿಪಾಳ್ಯಕ್ಕೆ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಸ್ಸಿಂದ ಇಳಿಯೋಷ್ಟರಲ್ಲಿ ಕಾರ್ಯದರ್ಶಿ ಸಾರ್ ಫೋನ್ ಮಾಡಿದ್ರು."

"ವಾರದ ಕೊನೇಲಿ ನಿನಗೆ ರಜೆ ಕೊಡ್ತಾರಾ?"

"ಯಾವತ್ತೂ ಇಲ್ಲ. ನಿನ್ನೆ ಸಾರೇ ಹೋಗಿ ಬಾ ಅಂದ್ರು."

"ಗೇಟಿನ ಬೀಗದ ಕೈ?"

"ನಂದೊಂದು, ಅವರದೊಂದು. ಅಷ್ಟೇ."

ಅಂಬುಜಾ ಪಂಪ್‌ಹೌಸಿನೊಳಗೆ ಇಣುಕಿದರು. ನೀರಿಗೆ ಗಾಳಿ ತುಂಬುವ ಏರೇಟರ್ ಯಂತ್ರದ ಮೇಲೆ ಜೇಡ ಬಲೆ ಕಟ್ಟಿತ್ತು. ಮಳೆಗಾಲದಲ್ಲಿ ಮೋರಿ ನೀರು ನುಗ್ಗಿದಾಗ ಕೆರೆಗೆ ಅದೇ ಉಸಿರು. ಕೆರೆಯ ಗುತ್ತಿಗೆ ಪಡೆದ ಕ್ಲಬ್ಬಿನದೇ ಅದನ್ನು ನಡೆಸುವ ಹೊಣೆ. ಶುಲ್ಕ ಏರಿಸಿದ್ದೇ ಅದರ ಹೆಸರಿನಲ್ಲಿ. ಯಾವಾಗಿನಿಂದ ನಿಂತಿದೆ ಎಂದು ಕೇಳಿದರು. ಗಿರಿರಾಜ್ ಗೇಟಿನ ಕಡೆ ತಿರುಗಿ ನೋಡಿದ. ಅವರು ಅವನನ್ನು ಗದರಿಸಲಿಲ್ಲ. ತಪ್ಪಿಲ್ಲದ ಒಬ್ಬ ಮುದುಕರನ್ನು ಸಂಜೆಯೊಳಗೆ ಠಾಣೆಗೆ ಕರೆದೊಯ್ಯುತ್ತಾರೆ ಎಂದಷ್ಟೇ ಹೇಳಿ ಕಾದರು.

"ಬೇಸಿಗೆಯಿಂದ ಡೀಸೆಲ್ಲೇ ಬಂದಿಲ್ಲ ಮೇಡಂ," ಎಂದ ಕೊನೆಗೆ. ಆಮೇಲೆ ತಾನಾಗಿಯೇ ಜೊಂಡನ್ನು ಸರಿಸಿ ತೋರಿಸಿದ.

ಎರಡು ಗೋಣಿಚೀಲ. ಬಾಯಿ ಬಿಚ್ಚಿದರೆ ಮೂಗು ಮುಚ್ಚುವ ವಾಸನೆ. ಒಳಗೆಲ್ಲ ಸಣ್ಣ ಮೀನುಗಳು.

ಮೋಹನ್ ಕುಮಾರ್ ಬರುವ ಹೊತ್ತಿಗೆ ದಂಡೆಯ ಮೇಲೆ ಜನ ಸೇರಿದ್ದರು. ಕ್ಲಬ್ಬಿನ ಸದಸ್ಯರು ಬಂದವರು ಬಂದಂತೆ ಅರ್ಜಿಗೆ ಸಹಿ ಹಾಕಿದ್ದರು. ಕೆಂಪಯ್ಯ ಕರೆಯುವ ಮುಂಚೆಯೇ ಬಂದು ಎಲ್ಲರ ಎದುರಿಗೆ ನಿಂತಿದ್ದರು. ಅಧಿಕಾರಿ ಅರ್ಜಿ ಓದಿ ಮುಗಿಸಿದರು.

"ಯಾರಿಗಾದ್ರೂ ಆಕ್ಷೇಪಣೆ ಇದೆಯಾ?"

"ನನಗಿದೆ," ಎಂದರು ಅಂಬುಜಾ. "ನಾನೂ ಕ್ಲಬ್ಬಿನವಳೇ. ಸಾರ್, ದಯವಿಟ್ಟು ಆ ಗಾಳ ಎಳೆಯಿರಿ."

ಮೋಹನ್ ಕುಮಾರ್ ಬಗ್ಗಿ ಎಳೆದರು. ಸಲೀಸಾಗಿ ಬಂತು.

"ಇದರ ಮುಳ್ಳು ಎಲ್ಲಿ?"

ಅಧಿಕಾರಿ ಗಾಳವನ್ನು ಹತ್ತಿರ ಹಿಡಿದು ನೋಡಿದರು. "ಚಪ್ಪಟೆ ಆಗಿದೆ. ಇಕ್ಕಳದಲ್ಲಿ ಒತ್ತಿದಾರೆ."

"ಈಗ ಈ ಡಬ್ಬಿ ನೋಡಿ. ಕೆಂಪಯ್ಯನವರದು. ಒಂದರ ಮುಳ್ಳೂ ಒತ್ತಿಲ್ಲ. ಒತ್ತಬೇಕು ಅನ್ನೋದು ನಮ್ಮ ಪರವಾನಗಿಯ ನಿಯಮ. ನಿಯಮಾನೇ ಒಪ್ಪದೆ ಇರೋರು ಅದೊಂದನ್ನ ಮಾತ್ರ ಪಾಲಿಸಿ, ನಿಷೇಧದ ಕಾಲದಲ್ಲಿ ಮೀನು ಕೊಲ್ತಾರಾ? ಎಲ್ಲರೂ ಬೆಂಡು ನೋಡಿದ್ರಿ. ಗಾಳ ಯಾರೂ ನೋಡಲಿಲ್ಲ. ಇದು ಚೀಟಿ ಇರೋರ ಗಾಳ."

ಅಧಿಕಾರಿ ನೀಲಿ ಬೆಂಡನ್ನು ಎತ್ತಿ ಹಿಡಿದರು.

"ಹಾಗಾದ್ರೆ ಬೆಂಡು?"

"ನೀರಲ್ಲಿ ತೇಲ್ತಿತ್ತು. ಎಳೆದವರ ಕೈಗೆ ಬೆಂಡು, ದಾರ ಸಿಕ್ಕಿತು. ಗಾಳ ಕಲ್ಲುಸಂದಿಯಲ್ಲೇ ಉಳೀತು. ಅದಕ್ಕೇ ತಮ್ಮ ಪೆಟ್ಟಿಗೆಯಿಂದ ಒಂದು ಗಾಳ ತೆಗೆದು ಕಟ್ಟಿದ್ರು. ಅವರ ಪೆಟ್ಟಿಗೇಲಿ ಒತ್ತದೇ ಇರೋ ಗಾಳ ಇರಲಿಲ್ಲ. ಇನ್ನೊಂದು ನೋಡಿ ಸಾರ್. ಕಚ್ಚಿದ ಮೀನಿಗೆ ಗಾಳ ಬಾಯೊಳಗಿಂದ ಹೊರಗೆ ಚುಚ್ಚುತ್ತೆ. ಇಲ್ಲಿ ಹೊರಗಿಂದ ಒಳಗೆ ಹೋಗಿದೆ. ಸತ್ತ ಮೇಲೆ ಚುಚ್ಚಿದ್ದು."

"ಮತ್ತೆ ಮೀನು ಸತ್ತಿದ್ದು ಹೇಗೆ?"

ಅಂಬುಜಾ ಕಾವಲುಗಾರನಿಗೆ ಸನ್ನೆ ಮಾಡಿದರು. ಗಿರಿರಾಜ್ ಎರಡೂ ಚೀಲಗಳನ್ನು ತಂದು ಮೆಟ್ಟಿಲ ಮೇಲೆ ಸುರಿದ. ಬೆಳ್ಳಗೆ, ರಾಶಿಯಾಗಿ.

"ಇಷ್ಟನ್ನೂ ಕೆಂಪಯ್ಯನವರು ಗಾಳ ಹಾಕಿ ಹಿಡಿದ್ರಾ?" ಅಂಬುಜಾ ಕ್ಲಬ್ಬಿನವರ ಕಡೆ ತಿರುಗಿದರು. "ಮೋರಿ ನೀರು ನುಗ್ಗಿದೆ, ಏರೇಟರ್ ಓಡಿಲ್ಲ, ಮೀನು ಉಸಿರುಗಟ್ಟಿ ಸತ್ತಿವೆ. ನಿನ್ನೆ ಅದು ಒಬ್ಬರಿಗೆ ಕಾಣಿಸ್ತು. ಕಾವಲುಗಾರನ್ನ ಮನೆಗೆ ಕಳಿಸಿದ್ರು. ಸಣ್ಣ ಮೀನನ್ನ ಚೀಲಕ್ಕೆ ತುಂಬಿದ್ರು. ದೊಡ್ಡಮ್ಮನ್ನ ಬಚ್ಚಿಡೋಕೆ ಆಗಲ್ಲ, ಎಲ್ಲರೂ ಕೇಳ್ತಾರೆ. ಅದಕ್ಕೆ ಅವಳ ಬಾಯಿಗೆ ಗಾಳ ಹಾಕಿದ್ರು. ಚೀಟಿ ಇರೋರು ಬರೋದು ಗೇಟಿಂದ, ಅದರ ಬೀಗದ ಕೈ ಇರೋದು ಇಬ್ಬರ ಹತ್ರ. ಗಿರಿರಾಜನಿಗೆ ಪರವಾನಗಿ ಇಲ್ಲ, ಗಾಳ ಇಲ್ಲ. ಇನ್ನುಳಿದದ್ದು ನೀವು, ಮುರಳೀಕೃಷ್ಣ."

"ಇದೆಲ್ಲಾ ಊಹೆ," ಎಂದರು ಮುರಳೀಕೃಷ್ಣ. ದನಿ ಮಾತ್ರ ಎದ್ದಿರಲಿಲ್ಲ.

ಅಧಿಕಾರಿ ಮುರಳೀಕೃಷ್ಣರ ಕಾರಿನಲ್ಲಿದ್ದ ಗಾಳದ ಪೆಟ್ಟಿಗೆ ತರಿಸಿದರು. ಅದೇ ಅಳತೆಯ ಗಾಳಗಳು, ಅದೇ ರೀತಿ ಒತ್ತಿದ ಮುಳ್ಳು. ಪಕ್ಕದಲ್ಲಿ ಇಕ್ಕಳ; ಅದರ ಹಲ್ಲಿನ ಗೀರು ಸತ್ತ ಮೀನಿನ ಗಾಳದ ಮೇಲಿದ್ದ ಗೀರಿಗೆ ಸರಿಯಾಗಿ ಕೂತಿತು. ಮುರಳೀಕೃಷ್ಣ ಪೆಟ್ಟಿಗೆಯನ್ನು ನೋಡಿದರು, ಆಮೇಲೆ ಸುತ್ತ ನಿಂತವರನ್ನು. ಕೆರೆಯ ಹೊಸ ಗುತ್ತಿಗೆ ಕ್ಲಬ್ಬಿನ ಕೈಗೆ ಬರುವವರೆಗೆ ವಿಷಯ ಹೊರಗೆ ಬಾರದಿದ್ದರೆ ಸಾಕಿತ್ತು, ಕ್ಲಬ್ಬಿನ ಒಳ್ಳೆಯದಕ್ಕೇ ಮಾಡಿದೆ ಎಂದು ಗೊಣಗಿದರು. ಯಾರೂ ಅವರ ಪರ ನಿಲ್ಲಲಿಲ್ಲ. ಸಹಿ ಹಾಕಿದ್ದ ಒಬ್ಬರು ಅರ್ಜಿಯನ್ನು ವಾಪಸ್ ಕೇಳಿದರು; ಮೋಹನ್ ಕುಮಾರ್ ಕೊಡಲಿಲ್ಲ, ಇದೂ ಸಾಕ್ಷಿ ಎಂದು ಮಡಚಿ ಜೇಬಿಗಿಟ್ಟರು. ಸುಳ್ಳು ದೂರು, ನಿಂತ ಯಂತ್ರ, ಎರಡರ ಮೇಲೂ ಅವತ್ತೇ ಮಹಜರು ಬರೆದರು.

ಬರೆದು ಮುಗಿಸಿ ಅಧಿಕಾರಿ ಕೆಂಪಯ್ಯನವರ ಕಡೆ ತಿರುಗಿದರು.

"ಮೀನಿನ ವಿಷಯದಲ್ಲಿ ನಿಮ್ಮ ತಪ್ಪಿಲ್ಲ. ಆದ್ರೆ ಪರವಾನಗಿ ಇಲ್ಲದೆ, ನಿಷೇಧದ ಕಾಲದಲ್ಲಿ ಗಾಳ ಹಾಕಿದ್ದಕ್ಕೆ ದಂಡ ಹಾಕಲೇಬೇಕು ಯಜಮಾನ್ರೇ."

"ಹಾಕಿ. ಅದು ನಾನು ಮಾಡಿದ್ದು, ಕಟ್ತೀನಿ. ಮೊಟ್ಟೆ ಇಡೋ ಕಾಲ್ದಲ್ಲಿ ಕೂತಿದ್ದು ತಪ್ಪೇ. ಇನ್ನು ಕೂರಲ್ಲ."

"ಹಾಗೇ ಪರವಾನಗಿಗೂ ಅರ್ಜಿ ಕೊಟ್ಟುಬಿಡಿ. ಗೋಡೆ ಮಾತು ನಾನು ತೆಗೆದುಹಾಕ್ತೀನಿ."

ಕೆಂಪಯ್ಯ ಮೆಟ್ಟಿಲಿಳಿದು, ಸತ್ತ ದೊಡ್ಡಮ್ಮನ ಮೇಲೆ ಹೆಗಲ ಟವೆಲ್ ಹೊದಿಸಿದರು. ನಿಧಾನವಾಗಿ ನೆಟ್ಟಗಾದರು.

"ಮೊದ್ಲು ಆ ಮಿಷನ್ ಓಡ್ಲಿ ಸಾಮಿ. ಮೀನು ಉಸಿರಾಡ್ಲಿ. ಅಲ್ಲೀಗಂಟ ನಿಮ್ಮ ಚೀಟಿ ನಾನು ಮುಟ್ಟಲ್ಲ."

ಅಂಬುಜಾ ಪರ್ಸ್ ತೆರೆದರು. ತಮ್ಮ ವಾರ್ಷಿಕ ಪರವಾನಗಿಯನ್ನು ತೆಗೆದು ಅಧಿಕಾರಿಯ ಕೈಗಿಟ್ಟರು.

"ಅಲ್ಲೀವರೆಗೆ ಇದೂ ನಿಮ್ಮ ಹತ್ರಾನೇ ಇರಲಿ."