ಹಗ್ಗದೊಳಗಿನ ಮಾತು

"ಎರಡು ತಿಂಗಳಾಯ್ತು ಟೀಚರ್, ನಮ್ಮ ಹುಡುಗಿಗೆ ಒಂದಕ್ಷರ ಬರಲ್ಲ. ಇವತ್ತೇನು ಕಲಿತೆ ಅಂದ್ರೆ ಆಟ ಆಡಿದೆ ಅಂತಾಳೆ. ಆಟ ಆಡೋಕೆ ನಮ್ಮನೇಲಿ ಜಾಗ ಇಲ್ವಾ?"

ನರ್ಸರಿಯ ಬಾಗಿಲಲ್ಲಿ ನಿಂತು ಹೀಗೆ ತಗಾದೆ ತೆಗೆದವನು ಮಗುವಿನ ಸೋದರಮಾವ. ಪಕ್ಕದ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಅಕ್ಕ ನರ್ಸು, ಭಾವ ಇರುವ ಊರಿನಲ್ಲೇ ಅವಳಿಗೂ ಕೆಲಸ ಸಿಕ್ಕಿತ್ತು. ಅಲ್ಲಿ ಮನೆ ಹುಡುಕಿ ಒಂದು ನೆಲೆ ಆಗುವವರೆಗೆ ಮಗು ಇಲ್ಲಿರಲಿ ಎಂದು ತಮ್ಮನಿಗೆ ಒಪ್ಪಿಸಿ ಹೋಗಿದ್ದಳು. ಸ್ನಾನ, ಊಟ, ನರ್ಸರಿಗೆ ಬಿಡುವುದು, ಕರೆದೊಯ್ಯುವುದು ಎಲ್ಲವನ್ನೂ ಅವನು ಹೇಗೋ ಕಲಿತುಕೊಂಡಿದ್ದ. ತಲೆ ಬಾಚುವ ವಿದ್ಯೆ ಮಾತ್ರ ಒಲಿದಿರಲಿಲ್ಲ. ಮಗುವಿನ ಒಂದು ಜುಟ್ಟು ಕಿವಿಯ ಮೇಲಿದ್ದರೆ ಇನ್ನೊಂದು ಕತ್ತಿನ ಹತ್ತಿರ ಇರುತ್ತಿತ್ತು.

ಉತ್ತರ ಕೊಡಲೆಂದು ಟೀಚರ್ ಬಾಯಿ ತೆರೆದಳು. ಮಾತು ಬರಲಿಲ್ಲ.

ಮಕ್ಕಳ ಮುಂದೆ ಹುಲಿ, ದೊಡ್ಡವರ ಮುಂದೆ ಇಲಿ ಎಂದು ನರ್ಸರಿಯ ಆಯಾ ಅವಳನ್ನು ಆಡಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಕೋಣೆ ತುಂಬ ಮಕ್ಕಳಿದ್ದರೆ ಆನೆಯಂತೆ ಘೀಳಿಡುವಳು, ಕಪ್ಪೆಯಂತೆ ಕುಪ್ಪಳಿಸುವಳು. ಬೆಳೆದ ಮನುಷ್ಯನೊಬ್ಬ ಎದುರು ನಿಂತು ಪ್ರಶ್ನೆ ಕೇಳಿದರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮೂವತ್ತು ದಾಟಿದರೂ ಆ ರೋಗಕ್ಕೆ ಮದ್ದು ಸಿಕ್ಕಿರಲಿಲ್ಲ.

"ಮಾಮಾ! ಬಾ ಒಳಗೆ, ನಿನ್ನ ಸರದಿ ಬಂತು!"

ಕೂಗಿದ್ದು ಅವನ ಮುದ್ದಿನ ಸೋದರಸೊಸೆ. ಅವಳಿಗೆ ಎಲ್ಲರೂ ಇಟ್ಟ ಹೆಸರು ಯಜಮಾನಿ. ನಾಲ್ಕು ವರ್ಷ ತುಂಬಿಲ್ಲ, ನಡುವಿನ ಮೇಲೆ ಕೈ ಇಟ್ಟು ನಿಂತರೆ ಆಯಾ ಕೂಡ ಪೊರಕೆ ಬದಿಗಿಟ್ಟು ಏನಪ್ಪಣೆ ಎನ್ನಬೇಕು.

ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಒಂದು ನೀಲಿ ಹಗ್ಗವನ್ನು ದುಂಡಗೆ ಹಾಸಿತ್ತು. ಅದರೊಳಗೆ ಇವತ್ತು ಅಂಗಡಿ, ನಾಳೆ ಆಸ್ಪತ್ರೆ, ನಾಡಿದ್ದು ಬಸ್ಸು. ಕಾಯಿದೆಗಳನ್ನು ಮಾಡಿದವಳು ಟೀಚರೇ. ಆಟ ಶುರು ಮಾಡಿದ ಮಗುವೇ ಒಡೆಯ. ಮಗು ಕರೆದರೆ ಮಾತ್ರ ದೊಡ್ಡವರು ಒಳಗೆ ಬರಬಹುದು, ಬಂದ ಮೇಲೆ ಕೊಟ್ಟ ವೇಷ ಕಟ್ಟಬೇಕು, ಮಗುವನ್ನು ತಿದ್ದಬಾರದು. ಎಲ್ಲಕ್ಕಿಂತ ದೊಡ್ಡ ಕಾಯಿದೆ ಇನ್ನೊಂದಿತ್ತು: ಹಗ್ಗದೊಳಗಿನ ಮಾತು ಹಗ್ಗದೊಳಗೇ. ಒಮ್ಮೆ ಕಳ್ಳ-ಪೊಲೀಸ್ ಆಟದಲ್ಲಿ ಕಳ್ಳನಾದ ಮಗು ಮನೆಗೆ ಹೋಗಿ "ನಾನು ಕಳ್ಳನಂತೆ" ಎಂದು ಅನ್ನ ಬಿಟ್ಟು ಅತ್ತಿತ್ತು. ಆವತ್ತಿನಿಂದ ಹಗ್ಗ ದಾಟಿದರೆ ಆಟ ಮುಗಿಯಿತು, ಆಡಿದ ಮಾತೂ ಮುಗಿಯಿತು.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಮೊಣಕಾಲೆತ್ತರದ ಕುರ್ಚಿಯಲ್ಲಿ ಕೂತ. ಅದು ಕನ್ನಡಕದ ಅಂಗಡಿ! ಗೋಡೆಗೆ ಒಂದು ಹಾಳೆ ಅಂಟಿಸಿತ್ತು. ಮೇಲಿನ ಸಾಲಿನಲ್ಲಿ ಒಂದು ದೊಡ್ಡ ಸೊನ್ನೆ, ಕೆಳಗೆ ಸ್ವಲ್ಪ ಚಿಕ್ಕವು ಎರಡು ಕೊಕ್ಕೆ, ಅದರ ಕೆಳಗೆ ಇನ್ನೂ ಚಿಕ್ಕವು ಮೂರು ಗೆರೆ, ಕೊನೆಯಲ್ಲಿ ಬರೀ ಚುಕ್ಕಿಗಳು.

"ಇದನ್ನ ಯಾರು ಬರೆದಿದ್ದು?"

"ನಾನೇ. ನಿನ್ನ ಅಂಗಡೀಲಿ ಇಲ್ವಾ ಇಂಥದ್ದು? ಮಾತಾಡ್ಬೇಡ, ಒಂದು ಕಣ್ಣು ಮುಚ್ಕೋ."

"ಹಾಗಲ್ಲ ಪುಟ್ಟಾ, ದೂರ ಕೂರಿಸಿ ಆಮೇಲೆ..."

"ತಿದ್ದೋ ಹಾಗಿಲ್ಲ ಸಾರ್!" ಗದರಿದ ದನಿ ಟೀಚರದು. ಯಜಮಾನಿ ಅವಳನ್ನು ಅಂಗಡಿಯ ಕೆಲಸದವಳನ್ನಾಗಿ ಮಾಡಿದ್ದಳು. ಹಗ್ಗದೊಳಗೆ ಕಾಲಿಟ್ಟದ್ದೇ ತಡ, ಅವಳ ನಾಲಿಗೆಗೆ ಜೀವ ಬಂದಿತ್ತು. "ಗಿರಾಕಿಗಳು ಸುಮ್ನೆ ಕೂತ್ಕೋಬೇಕು. ಇಲ್ಲಾಂದ್ರೆ ನಮ್ಮ ಯಜಮಾನರಿಗೆ ಸಿಟ್ಟು ಬರುತ್ತೆ."

ಅವನು ಬೆಪ್ಪಾಗಿ ಅವಳನ್ನು ನೋಡಿದ. ಈಗ ತಾನೇ ಬಾಗಿಲಲ್ಲಿ ಮೂಗಿಯಂತೆ ನಿಂತವಳು ಇವಳೇ ಏನು?

"ನಿಂಗೆ ಏನೂ ಕಾಣ್ಸಲ್ಲ ಮಾಮ," ಎಂದು ಯಜಮಾನಿ ತೀರ್ಪು ಕೊಟ್ಟಳು. ತಂತಿ ಬಗ್ಗಿಸಿ ಮಾಡಿದ ಗಾಜಿಲ್ಲದ ಕನ್ನಡಕಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿಟ್ಟಿದ್ದಳು. ಮಾಮನ ಮುಖ ನೋಡಿ, ಸಾಲು ನೋಡಿ, ಮೊದಲನೆಯದನ್ನೇ ಎತ್ತಿ ಮೂಗಿಗೆ ಏರಿಸಿದಳು. ಅಳತೆ ಸರಿಯಾಗಿ ಕೂತಿತು.

ಹೊರಗೆ ಬಂದಾಗ ಅವನ ಜಗಳದ ಗಾಳಿ ಇಳಿದಿತ್ತು. "ದೊಡ್ಡದು, ಚಿಕ್ಕದು, ಒಂದು, ಎರಡು, ಮೂರು... ಇದನ್ನೆಲ್ಲ ಯಾರೂ ಹೇಳ್ಕೊಡ್ಲಿಲ್ವಾ?"

ಟೀಚರ್ ಇಲ್ಲವೆಂದು ತಲೆಯಾಡಿಸಿದಳು. ಕಷ್ಟಪಟ್ಟು ನಾಲ್ಕು ಮಾತು ಹೊರಡಿಸಿದಳು: "ಕೈ ಪಳಗ್ತಾ ಇದೆ. ಅಕ್ಷರ... ತಾನೇ ಬರುತ್ತೆ."

ಅವನು ಸೊಸೆಯ ಕೈ ಹಿಡಿದು ಹೊರಟ. ತಂತಿಯ ಕನ್ನಡಕ ಇನ್ನೂ ಅವನ ಮೂಗಿನ ಮೇಲೆಯೇ ಇತ್ತು. ಹೇಳಬೇಕು, ಈಗ ಹೇಳಬೇಕು ಎಂದು ಟೀಚರ್ ಒದ್ದಾಡುವಷ್ಟರಲ್ಲಿ ಗೇಟು ದಾಟಿಬಿಟ್ಟ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಅವನು ಬೇಗ ಬಂದ. "ಬೀದಿ ಬೀದೀನೇ ನಕ್ತು ಟೀಚರ್. ಒಂದು ಮಾತು ಹೇಳ್ಬಾರ್ದಿತ್ತಾ?"

ಆವತ್ತು ಹಗ್ಗದೊಳಗೆ ಆಸ್ಪತ್ರೆ, ಟೀಚರ್ ಡಾಕ್ಟರು. ಅವನನ್ನು ಒಳಗೆ ಕರೆಸಿಕೊಂಡು ನಾಡಿ ಹಿಡಿದಳು. "ನಗೋದ್ರಿಂದ ಬೀದಿಯವರ ಆರೋಗ್ಯ ಚೆನ್ನಾಗಿರುತ್ತೆ. ದಿನಾ ಹಾಕ್ಕೊಂಡು ಹೋಗಿ."

ನಾಡಿ ಹಿಡಿದ ಬೆರಳುಗಳನ್ನು ಅವಳು ಸ್ವಲ್ಪ ತಡವಾಗಿ ತೆಗೆದಳು. ಅವನು ಕೈಯನ್ನು ಇನ್ನೂ ತಡವಾಗಿ ಹಿಂದಕ್ಕೆ ಎಳೆದುಕೊಂಡ.

ಅಲ್ಲಿಂದ ಶುರುವಾಯಿತು. ಕರೆದೊಯ್ಯುವ ಹೊತ್ತಿಗೆ ಮೊದಲೇ ಬರುವುದು ಅವನಿಗೆ ರೂಢಿಯಾಯಿತು. ಅಂಗಡಿಯಲ್ಲಿ ಮುರಿದ ಫ್ರೇಮುಗಳನ್ನೆಲ್ಲ ಚೂಪು ಅಂಚು ಉಜ್ಜಿ ನುಣುಪು ಮಾಡಿ ಮಕ್ಕಳಿಗೆ ತಂದುಕೊಟ್ಟ. ಅವರ ಬಾಯಲ್ಲಿ ಕನ್ನಡಕದ ಮಾಮನಾದ. ಒಂದು ದಿನ ರೋಗಿ, ಒಂದು ದಿನ ಕುದುರೆ, ಒಂದು ದಿನ ಟೀಚರ ಅಂಗಡಿಯಲ್ಲಿ ಮರಳಿನ ಸಕ್ಕರೆ ಕೊಳ್ಳುವ ಚೌಕಾಸಿಗಾರ. ತಕ್ಕಡಿಯ ಆಚೆಗೊಬ್ಬರು ಈಚೆಗೊಬ್ಬರು ಕೂತು, ಕಣ್ಣು ಕಣ್ಣು ಕೂಡಿದಾಗ ಇಬ್ಬರೂ ಮರಳು ಚೆಲ್ಲುವರು. ಹಗ್ಗದ ಹೊರಗೆ ಬಂದರೆ ಅವಳು ಮತ್ತೆ ಅದೇ ಮೌನಗೌರಿ.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ ಟೀಚರಮ್ಮ?" ಎಂದಳು ಆಯಾ.

"ಯಾವ ಬೆಕ್ಕು?"

"ಎರಡು ಬೆಕ್ಕು."

ಟೀಚರ್ ಬಣ್ಣದ ಡಬ್ಬಿಗಳನ್ನು ಸುಮ್ಮಸುಮ್ಮನೆ ಎರಡು ಸಲ ಒರೆಸಿದಳು. ಅವಳಿಗೆ ಅವನು ಬೇಕಿತ್ತು. ಮನೆಯಲ್ಲಿ ಒಬ್ಬಳೇ ಚಹಾ ಕುಡಿಯುವಾಗಲೂ, ಬಟ್ಟೆ ಒಣಹಾಕುವಾಗಲೂ ಬೇಕಿತ್ತು. ಅದನ್ನು ಯಾವ ಬಾಯಲ್ಲಿ ಹೇಳುವುದು ಎಂದು ಮಾತ್ರ ಗೊತ್ತಿರಲಿಲ್ಲ.

ಆಮೇಲೊಂದು ದಿನ ಬಸ್ಸಿನ ಆಟ. ಕುರ್ಚಿಗಳು ಸಾಲಾದವು, ಒಣಗಿದ ಎಲೆಗಳು ಟಿಕೆಟಾದವು. ಯಜಮಾನಿ ತಟ್ಟೆ ತಿರುಗಿಸುವ ಡ್ರೈವರು. ಟೀಚರ್ ಹೆಗಲಿಗೆ ಚೀಲ, ಕೊರಳಿಗೆ ಸೀಟಿ ಹಾಕಿಕೊಂಡ ಕಂಡಕ್ಟರು. ಅವನು ಹಿಂದಿನ ಬಾಗಿಲಲ್ಲಿ ಹತ್ತಿದ.

"ಎಲ್ಲಿಗೆ?" ಎಂದಳು ಅವಳು, ಎಲೆ ಹರಿಯುತ್ತ.

ಅವನು ದನಿ ತಗ್ಗಿಸಿದ. "ಟೀಚರ್, ಅಕ್ಕನಿಗೆ ಮನೆ ಸಿಕ್ತು. ಶನಿವಾರ ಬಂದು ಮಗೂನ ಕರ್ಕೊಂಡು ಹೋಗ್ತಾಳೆ. ಆಮೇಲೆ ನಾನು ಇಲ್ಲಿಗೆ ಬರೋಕೆ ನೆಪ ಇರಲ್ಲ. ನೆಪ ಇಲ್ದೇನೂ ನಿಮ್ಮನ್ನ ನೋಡ್ಬೇಕು ಅನ್ಸುತ್ತೆ. ನನ್ನ ಮದುವೆ ಆಗ್ತೀರಾ?"

ಅವನ ಕಣ್ಣಲ್ಲಿ ಆಟ ಇರಲಿಲ್ಲ. ಅವಳಿಗೆ ಅದು ಚೆನ್ನಾಗಿ ಗೊತ್ತಾಯಿತು. ನಾಲಿಗೆ ಮತ್ತೆ ಕಟ್ಟಿತು. ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಅಷ್ಟರಲ್ಲಿ ಅವಳು ಸಿಕ್ಕ ದನಿಯನ್ನು ಹಿಡಿದುಕೊಂಡುಬಿಟ್ಟಳು. ಆ ದನಿ ಕಂಡಕ್ಟರದು.

"ರೀ, ಬಾಗಿಲಲ್ಲಿ ನಿಲ್ಬೇಡ್ರಿ! ಸೀಟಿಲ್ಲ, ಬಸ್ ಫುಲ್ಲು. ಇಳೀರಿ, ಇಳೀರಿ!" ಎಂದು ಸೀಟಿ ಊದಿದಳು.

ಮಕ್ಕಳು ಹೋ ಎಂದು ನಕ್ಕವು. ಅವನೂ ತುಟಿಯಂಚಿನಲ್ಲಿ ನಕ್ಕು, ಹಗ್ಗ ದಾಟಿ, ಚಪ್ಪಲಿ ಮೆಟ್ಟಿಕೊಂಡ. ಹೊರಗೆ ಇನ್ನೊಮ್ಮೆ ಕೇಳುತ್ತಾನೆ ಎಂದು ಅವಳು ಕಾದಳು. ಅವನು ಹಗ್ಗದ ಕಾಯಿದೆ ಕಲಿತ ಮನುಷ್ಯ, ಒಳಗಿನ ಮಾತನ್ನು ಹೊರಗೆ ತರಲಿಲ್ಲ. "ಬರ್ತೀನಿ ಟೀಚರ್," ಎಂದಷ್ಟೇ ಹೇಳಿ ಹೊರಟುಹೋದ.

ಮರುದಿನದಿಂದ ಅವನು ಗೇಟಿನ ಆಚೆಯೇ ನಿಂತ. ಸಂಜೆ ಮಕ್ಕಳು ಇಬ್ಬಿಬ್ಬರು ಕೈ ಹಿಡಿದು ಜೋಡಿ ಸಾಲಿನಲ್ಲಿ ಗೇಟಿನವರೆಗೆ ನಡೆಯುವುದು ನರ್ಸರಿಯ ಪದ್ಧತಿ. ಸಾಲು ತಲುಪಿದ ಕೂಡಲೇ ಸೊಸೆಯನ್ನು ಎತ್ತಿಕೊಂಡು, ನೆಲ ನೋಡುತ್ತ ನಡೆದುಬಿಡುತ್ತಿದ್ದ. ಟೀಚರಿಗೆ ಆನೆಯ ಘೀಳೂ ಸರಿಯಾಗಿ ಬರದಾಯಿತು. ಶನಿವಾರ ಹತ್ತಿರ ಬರುತ್ತಿತ್ತು.

ಶುಕ್ರವಾರ ಪುಟಾಣಿಯೊಬ್ಬಳು ಬೆಳಿಗ್ಗೆಯಿಂದ ಬೆಕ್ಕಾಗಿದ್ದಳು. ಆಟ ಮುಗಿದರೂ ಬಿಡಲಿಲ್ಲ. ಹಸಿವಾ ಎಂದರೆ ಮಿಯಾಂವ್, ನಿದ್ದೇನಾ ಎಂದರೆ ಮಿಯಾಂವ್. ಕೊನೆಗೆ ಟೀಚರ ಸೆರಗು ಎಳೆದು ಮಿಯಾಂವ್ ಮಿಯಾಂವ್ ಎಂದು ಗೋಗರೆದಳು, ಆಮೇಲೆ ನಿಂತಲ್ಲೇ ಲಂಗ ಒದ್ದೆ ಮಾಡಿಕೊಂಡು ಭೋರೆಂದು ಅತ್ತಳು.

ಟೀಚರ್ ಲಂಗ ಬದಲಿಸುತ್ತ ಸಮಾಧಾನ ಮಾಡಿದಳು. "ಬೆಕ್ಕಾದ್ರೆ ತಪ್ಪಿಲ್ಲ ಕಂದಾ. ಆದ್ರೆ ಏನಾದ್ರೂ ನಿಜವಾಗ್ಲೂ ಬೇಕಾದಾಗ ಹಗ್ಗದಿಂದ ಹೊರಗೆ ಬಂದು, ನಿನ್ನ ಬಾಯಲ್ಲೇ ಕೇಳ್ಬೇಕು. ಬೆಕ್ಕಿನ ಬಾಯಲ್ಲಿ ಕೇಳಿದ್ರೆ ಯಾರಿಗೆ ಗೊತ್ತಾಗುತ್ತೆ ಹೇಳು?"

ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಆಯಾ ಕೈ ನಿಲ್ಲಿಸಿದಳು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ."

ಟೀಚರ್ ತಲೆ ತಗ್ಗಿಸಿದಳು.

"ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಿಮಗೆ ಸುಗ್ಗಿಯಲ್ಲೇ ಉಪವಾಸ. ಬಸ್ಸಲ್ಲಿ ನಡೆದಿದ್ದು ನಾನೂ ಕೇಳಿಸ್ಕೊಂಡೆ ತಾಯಿ. ನನ್ನ ಕಿವಿಗೆ ಹಗ್ಗ ಕಟ್ಟಿಲ್ಲ." ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ ಮತ್ತೆ ಹೇಳಿದಳು: "ನಾಳೆ ಒಂದೇ ದಿನ ಇರೋದು."

ಶನಿವಾರ ಅಕ್ಕ ಬಂದಳು. ಆಯಾಳನ್ನು ತಬ್ಬಿ, ಟೀಚರ ಕೈ ಹಿಡಿದು ತುಂಬ ಉಪಕಾರವಾಯಿತೆಂದಳು. ಮಗುವಿನ ಜುಟ್ಟು ನೋಡಿ ಅಯ್ಯೋ ಎಂದಳು. ತಮ್ಮ ಗೇಟಿನ ಆಚೆ ಚೀಲ ಹಿಡಿದು ನಿಂತಿದ್ದ.

"ಕೊನೇ ಬಸ್ ಬಿಡ್ಬೇಕು," ಎಂದಳು ಯಜಮಾನಿ, ನಡುವಿನ ಮೇಲೆ ಕೈಯಿಟ್ಟು. "ಮಾಮ ಹತ್ತಲೇಬೇಕು. ನಾನು ಕರೀತಿದ್ದೀನಿ."

ಯಜಮಾನಿಯೇ ಕರೆದ ಮೇಲೆ ಬರದೆ ಇರಲಾದೀತೇ? ಅವನು ಬಂದ. ಅಕ್ಕ ಮುಂದಿನ ಸೀಟು, ಆಯಾ ನಡುವೆ, ಅವನು ಎಲ್ಲರಿಗಿಂತ ಹಿಂದೆ. ಕಂಡಕ್ಟರು ಎಲೆ ಹರಿದುಕೊಟ್ಟಳು. ಅವನು ಎಲೆ ತೆಗೆದುಕೊಂಡ, ಮುಖ ಎತ್ತಲಿಲ್ಲ. ಬಸ್ಸು ಬುರ್ರೆಂದು ಗುಡ್ಡ ಹತ್ತಿತು, ಸೇತುವೆ ದಾಟಿತು, ಒಂದು ಹಸುವಿಗೆ ದಾರಿ ಬಿಟ್ಟಿತು. ಈ ಬಸ್ಸು ನಿಲ್ಲದೇ ಇರಲಿ ಎಂದು ಅವಳಿಗೆ ಅನ್ನಿಸಿತು.

"ಕೊನೇ ಸ್ಟಾಪ್! ಎಲ್ರೂ ಇಳೀರಿ!"

ಎಲ್ಲರೂ ಇಳಿದರು. ಅವನೂ ಹಗ್ಗ ದಾಟಿ ಬಾಗಿಲ ಕಡೆ ನಡೆದ.

ಟೀಚರ್ ಚೀಲ ಕೆಳಗಿಟ್ಟಳು. ಕೊರಳಿನ ಸೀಟಿ ತೆಗೆದು ಕುರ್ಚಿಯ ಮೇಲಿಟ್ಟಳು. ಕಾಲು ಎತ್ತಿ ಹಗ್ಗದ ಆಚೆ ಇಟ್ಟಳು.

"ಸ್ವಲ್ಪ ನಿಲ್ಲಿ."

ದನಿ ಒಡೆದಿತ್ತು, ಆದರೂ ಬಂದಿತ್ತು. ಅವನು ಒಂದು ಚಪ್ಪಲಿಯಲ್ಲಿ ಕಾಲು ತೂರಿಸಿ ನಿಂತ.

"ಆವತ್ತು ಸೀಟಿಲ್ಲ ಅಂದಿದ್ದು ಕಂಡಕ್ಟರ್. ನಾನಲ್ಲ."

ಅಕ್ಕ ತಮ್ಮನನ್ನು ನೋಡಿದಳು. ಆಯಾ ಪೊರಕೆಯನ್ನು ಎದೆಗೊತ್ತಿಕೊಂಡಳು.

"ಹಾಗಾದ್ರೆ ನೀವು ಏನಂತೀರಿ?" ಎಂದ ಅವನು.

"ನಾನು... ಹೂಂ ಅಂತೀನಿ. ನೀವು ಬಾಗಿಲಲ್ಲಿ ಜಗಳಕ್ಕೆ ನಿಂತ ದಿನದಿಂದ ನಾನು ಸಂಜೆ ಆಗೋದನ್ನೇ ಕಾಯ್ತಾ ಇರ್ತೀನಿ. ಈ ವಾರ ನೀವು ಗೇಟಲ್ಲೇ ನಿಂತ್ರಿ, ನಂಗೆ ಊಟಾನೇ ಸೇರ್ಲಿಲ್ಲ. ನಂಗೆ ಮಾತು ಬರಲ್ಲ, ಆದ್ರೆ ನೀವು ಬೇಕು." ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಇಷ್ಟೆಲ್ಲ ಆಡಿದ್ದು ತಾನೇನಾ ಎಂದು ಬೆರಗಾಗಿ ನಿಂತಳು.

ಅವನು ಚಪ್ಪಲಿಯಿಂದ ಕಾಲು ತೆಗೆದ, ತೂರಿಸಿದ, ಮತ್ತೆ ತೆಗೆದ. "ಇನ್ನೂ ಎಷ್ಟು ಮಾತು ಬರಬೇಕು ಟೀಚರ್ ನಿಮಗೆ?" ಎಂದ, ನಗುತ್ತ, ಮೂಗು ಎಳೆಯುತ್ತ.

"ಟೀಚರ್, ಇದು ಆಟಾನಾ, ನಿಜಾನಾ?" ಯಜಮಾನಿಗೆ ಎಲ್ಲವೂ ಖಚಿತವಾಗಬೇಕು.

"ನಿಜ ಪುಟ್ಟಾ. ಹೊರಗಡೆ ನಿಂತಿದ್ದೀನಿ, ನೋಡು."

ಯಜಮಾನಿ ಬಗ್ಗಿ ಟೀಚರ ಎರಡೂ ಪಾದ ನೋಡಿದಳು, ಹಗ್ಗ ನೋಡಿದಳು. ಸರಿಯಾಗಿದೆ ಎನ್ನಿಸಿತು. "ಹಾಗಾದ್ರೆ ನಡೀರಿ, ಹೊತ್ತಾಯ್ತು. ಅಮ್ಮ, ನೀನು ನನ್ನ ಕೈ ಹಿಡ್ಕೋ. ಮಾಮಾ, ಗೇಟಿಗೆ ಒಬ್ಬೊಬ್ರೇ ಹೋಗೋ ಹಾಗಿಲ್ಲ, ಜೋಡಿ ಆಗ್ಬೇಕು."

ಅವನು ಕೈ ಚಾಚಿದ. ಈ ಸಲ ನಾಡಿ ನೋಡುವ ನೆಪ ಇರಲಿಲ್ಲ. ಟೀಚರ್ ಅವನ ಕೈ ಹಿಡಿದಳು, ಅಂಗಳದುದ್ದಕ್ಕೂ ಹಿಡಿದೇ ನಡೆದಳು, ಗೇಟು ದಾಟಿದ ಮೇಲೂ ಬಿಡಲಿಲ್ಲ.